ಎಂಟು ಸಿಲಿಂಡರಿಗೆ ನಾಲ್ಕು ಓಟು

ಬೂದು ಬಣ್ಣದ ಕಾರು ಓಡಿಸೋರ ಬಾಳಲ್ಲಿ ಏನೂ ನಡೆಯಲ್ಲ. ಹದಿನಾಲ್ಕು ವರ್ಷ ನಾನೇ ಓಡಿಸಿದ್ದೀನಿ, ಅನುಭವದ ಮಾತು. ಯಾರೂ ತಿರುಗಿ ನೋಡಲ್ಲ, ಯಾರೂ ಮಾತಾಡಿಸಲ್ಲ, ಪಾರ್ಕಿಂಗ್ ಲಾಟಲ್ಲಿ ನಮ್ಮ ಕಾರು ನಮಗೇ ಸಿಗಲ್ಲ. ಕಿತ್ತಳೆ ಬಣ್ಣದ್ದು ತಗೊಂಡ ದಿನದಿಂದ ನೋಡಿ, ವಾರಕ್ಕೊಂದು ಪ್ರಸಂಗ ತಾನಾಗೇ ಹುಡುಕಿಕೊಂಡು ಬರುತ್ತೆ. ಒಂದಷ್ಟು ಹೇಳ್ತೀನಿ. ಮರ್ಯಾದೆ ಹೋದವೂ ಇವೆ. ಹೋದದ್ದು ಹೆಚ್ಚಾಗಿ ನಮ್ಮನೆಯವರದ್ದು, ಆದ್ದರಿಂದ ಹೇಳೋಕೆ ನನಗೇನೂ ಸಂಕೋಚ ಇಲ್ಲ.

೧. ಕೊಳ್ಳೋರು ಯಾರು

ನಾನು ಮೈಸೂರಿನವಳು. ಈಗ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯ ಲ್ಯಾಬಲ್ಲಿ ಕೆಲಸ. ಮಾತ್ರೆಗಳನ್ನ ಎರಡು ವರ್ಷ, ಮೂರು ವರ್ಷ ಇಟ್ಟು ಕೆಡುತ್ತವೋ ಇಲ್ಲವೋ ಅಂತ ನೋಡ್ತಾ ಕೂರೋದು. ಅಂದರೆ ಏನೂ ಆಗದೇ ಇರಲಿ ಅಂತ ಕಾಯೋದಕ್ಕೆ ನನಗೆ ಸಂಬಳ. ನಮ್ಮನೆಯವರು ರಾಲಿಯ ಒಂದು ಸರ್ಕಾರಿ ಕಚೇರೀಲಿ ಸಾಫ್ಟ್‌ವೇರ್ ನೋಡ್ಕೋತಾರೆ. ಒಬ್ಬಳೇ ಮಗಳು, ಆಗ ಹೈಸ್ಕೂಲಲ್ಲಿದ್ದಳು.

ವೀಸಾದ ಮೇಲೆ ಬಂದ ಹೊಸದರಲ್ಲಿ ಆ ಬೂದು ಕಾರು ಕೊಂಡಿದ್ದೇ ಯಾರ ಕಣ್ಣಿಗೂ ಬೀಳಬಾರದು ಅಂತ. ಅದು ಒಂದು ದಿನ ಹೆದ್ದಾರೀಲಿ ಹೊಗೆಬಿಟ್ಟು ಪ್ರಾಣ ಬಿಟ್ಟಿತು. ನಮ್ಮನೆಯವರು ತಕ್ಷಣ, "ಈ ಸಲ ವ್ಯಾನ್ ತಗೊಳೋಣ ಕಣೇ. ಏಳು ಸೀಟು, ಜಾರೋ ಬಾಗಿಲು. ಸೆಪ್ಟೆಂಬರಿಗೆ ಅಮ್ಮ ಬರ್ತಾಳೆ, ಮಂಡಿ ನೋವು, ಹತ್ತೋಕೆ ಇಳಿಯೋಕೆ ಸುಲಭ" ಅಂದರು.

ನನ್ನ ಮನಸ್ಸು ಬೇರೆ ಕಡೆ ಇತ್ತು. ಹಳೇ ಕಾಲದ ಮಸಲ್ ಕಾರಿನ ರೂಪದಲ್ಲೇ ಈಗ ಹೊಸದಾಗಿ ಮಾಡ್ತಾರಲ್ಲ, ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಇಂಜಿನ್, ಅಂಥದ್ದೊಂದನ್ನ ಆಫೀಸಿಗೆ ಹೋಗೋ ದಾರೀಲಿ ಶೋರೂಮಿನ ಮುಂದೆ ನೋಡಿದ್ದೆ. ಕಿತ್ತಳೆ ಬಣ್ಣ, ಮೇಲೆ ಎರಡು ಕಪ್ಪು ಪಟ್ಟೆ. ಐವತ್ತಕ್ಕೆ ಎರಡು ವರ್ಷ ಬಾಕಿ ಇತ್ತು ನನಗೆ. ಒಂದು ಸಲವಾದರೂ ಜನ ತಿರುಗಿ ನೋಡಲಿ ಅಂತ ಆಸೆ ಆಯ್ತು. ನನ್ನನ್ನಲ್ಲ, ಕಾರನ್ನ. ಸರಿ, ಸ್ವಲ್ಪ ನನ್ನನ್ನೂ.

"ಅದರಲ್ಲಿ ಇಬ್ಬರು ಕೂರಬಹುದು, ಇನ್ನಿಬ್ಬರನ್ನ ಮಡಚಿ ಇಡಬೇಕು" ಅಂದರು ಇವರು.

"ಅದು ಬರೀ ಕಾರಲ್ಲ ರೀ. ಜನ ಅದನ್ನ ಶೋಗೆ ತಗೊಂಡು ಹೋಗ್ತಾರೆ. ಪ್ರೈಜ್ ಕೊಡ್ತಾರೆ" ಅಂದೆ. ಎಲ್ಲೋ ಓದಿದ್ದೆ.

"ಹೌದಾ? ಹಾಗಾದ್ರೆ ನೀನೂ ಒಂದು ಪ್ರೈಜ್ ತಗೊಂಡು ಬಾ ನೋಡೋಣ."

"ತರ್ತೀನಿ!"

"ಯಾವಾಗ?"

"ಅತ್ತೆ ಬಂದು ಒಂದು ತಿಂಗಳು ಆಗೋದರೊಳಗೆ. ತರದೇ ಇದ್ರೆ ನಾನೇ ಹೋಗಿ ಸಿಕ್ಕ ಬೆಲೆಗೆ ಕಾರು ವಾಪಸ್ ಕೊಟ್ಟು ನಿಮ್ಮ ವ್ಯಾನ್ ತರ್ತೀನಿ."

ಸಿಟ್ಟು ಬಂದಾಗ ನನ್ನ ಬಾಯಿಗೆ ಬ್ರೇಕ್ ಇಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇವರು ಅದನ್ನೇ ಹಿಡ್ಕೊಂಡರು. ಅಡುಗೆಮನೆ ಕ್ಯಾಲೆಂಡರಲ್ಲಿ ಅಕ್ಟೋಬರಿನ ಒಂದು ಸೋಮವಾರಕ್ಕೆ ನೀಲಿ ಪೆನ್ನಲ್ಲಿ 'ವ್ಯಾನ್' ಅಂತ ಬರೆದೇಬಿಟ್ಟರು. ಬರೆದಾಗ ಇನ್ನೂ ಏಪ್ರಿಲ್ಲು.

ಶೋರೂಮಿಗೆ ಇಬ್ಬರೂ ಹೋದೆವು. ಅಲ್ಲಿನ ಸೇಲ್ಸ್‌ಮನ್ ನನ್ನ ಪ್ರಶ್ನೆಗೆಲ್ಲ ಇವರ ಮುಖ ನೋಡ್ಕೊಂಡೇ ಉತ್ತರ ಹೇಳ್ತಿದ್ದ. ನಾನು ಇಂಜಿನ್ ಬಗ್ಗೆ ಕೇಳಿದೆ, ಗೇರ್ ಬಗ್ಗೆ ಕೇಳಿದೆ, ಟೈರ್ ಬಗ್ಗೆ ಕೇಳಿದೆ. ಎಲ್ಲ ಮುಗಿದ ಮೇಲೆ ಅವನು ಇವರ ಕಡೆ ತಿರುಗಿ, "ನಿಮ್ಮದೇನಾದರೂ ಪ್ರಶ್ನೆ ಇದೆಯಾ ಸರ್?" ಅಂದ.

ಇವರು ಕನ್ನಡಕ ಸರಿಮಾಡ್ಕೊಂಡು, "ಮೈಲೇಜ್ ಎಷ್ಟು ಕೊಡುತ್ತೆ?" ಅಂದರು.

ಅವನು ನಕ್ಕ. "ಸರ್, ಈ ಕಾರು ಕೊಳ್ಳೋರು ಯಾರೂ ಆ ಪ್ರಶ್ನೆ ಕೇಳಲ್ಲ."

"ನಾನು ಕೊಳ್ತಾ ಇಲ್ಲ. ಅದಕ್ಕೇ ಕೇಳ್ತಿದೀನಿ."

೨. ನಾಲ್ಕು ನಿಂಬೆಹಣ್ಣು

ಹೊಸ ಕಾರಿಗೆ ಪೂಜೆ ಆಗದೆ ಶೋಗೆ ಹೋಗೋದುಂಟೇ? ಭಾನುವಾರ ದೇವಸ್ಥಾನಕ್ಕೆ ಹೋದೆವು. ನಮ್ಮ ಹಿಂದೆ ಹುಬ್ಬಳ್ಳಿ ಕಡೆಯ ಡಾಕ್ಟರ್ ದಂಪತಿಗಳು ನಿಂತಿದ್ದರು, ಹೊಚ್ಚಹೊಸ ಬಿಳೀ ವ್ಯಾನ್ ತಗೊಂಡು. ಏಳು ಸೀಟು. ನಮ್ಮನೆಯವರು ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ದೇವರಿಗೆ ಅವತ್ತು ಒಂದೂ ಹಾಕಿರಲಿಲ್ಲ.

ಭಟ್ಟರು ಹುಡ್ ಮೇಲೆ, ಅಂದರೆ ನಮ್ಮ ಕಡೆ ಬಾನೆಟ್ ಅಂತೀವಲ್ಲ ಅದರ ಮೇಲೆ, ಗಂಧದಲ್ಲಿ ಓಂ ಬರೆದರು, ಕುಂಕುಮ ಇಟ್ಟರು, ಮಂಗಳಾರತಿ ಎತ್ತಿದರು. ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟು, "ಈಗ ನಿಧಾನವಾಗಿ ಮುಂದೆ ಬನ್ನಿ ತಾಯಿ" ಅಂದರು.

ನಿಧಾನವಾಗೇ ಒತ್ತಿದೆ, ದೇವರಾಣೆ. ಆದರೆ ಬೂದು ಕಾರಿನ ನಿಧಾನವೇ ಬೇರೆ, ಇದರ ನಿಧಾನವೇ ಬೇರೆ. ಹಿಂದಿನ ಚಕ್ರ ನಿಂತಲ್ಲೇ ಒಂದು ಸುತ್ತು ಸುತ್ತಿತು. ಮುಂದಿನ ಎರಡು ನಿಂಬೆಹಣ್ಣು ಶಾಸ್ತ್ರೋಕ್ತವಾಗಿ ಅಪ್ಪಚ್ಚಿಯಾದವು. ಹಿಂದಿನ ಒಂದು ಎಲ್ಲಿ ಹೋಯ್ತೋ ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಸುಂಯ್ ಅಂತ ಹಾರಿ ಡಾಕ್ಟರ ವ್ಯಾನಿನ ಮುಂದಿನ ಗಾಜಿಗೆ ಬಡಿದು ರಸ ಇಳಿಸಿತು.

ನಾಚಿಕೆಯಿಂದ ಕಾರಿಳಿದು ಓಡಿ ಹೋದೆ. ಡಾಕ್ಟರು ದೊಡ್ಡ ಮನುಷ್ಯರು. ಗಾಜು ಒರೆಸ್ತಾ, "ಇರ್ಲಿ ಬಿಡ್ರೀ ಅಕ್ಕಾರ, ನಮ್ಮ ಗಾಡೀದೂ ದೃಷ್ಟಿ ತಗದಂಗಾತು" ಅಂದರು.

ಭಟ್ಟರು ಆರತಿ ತಟ್ಟೆ ಹಿಡ್ಕೊಂಡು ನಾಲ್ಕು ಹೆಜ್ಜೆ ಹಿಂದೆ ಹೋಗಿದ್ದರು. ಅಲ್ಲಿಂದಲೇ ಕೇಳಿದರು: "ತಾಯಿ, ಮಿಕ್ಕ ಗಾಡಿಗಳಿಗೂ ನೀವೇ ಮಾಡಿಬಿಡ್ತೀರಾ? ನಾನು ಒಳಗೆ ಹೋಗ್ಲಾ?"

೩. ಜಾಗ ಇದೆ, ಬನ್ನಿ

ಶನಿವಾರ ಬೆಳಗ್ಗೆ ನಮ್ಮ ಊರಿನ ಒಂದು ದೊಡ್ಡ ದಿನಸಿ ಅಂಗಡಿ ಮುಂದೆ ಕಾರಿನ ಹುಚ್ಚಿರೋರೆಲ್ಲ ಸೇರ್ತಾರೆ. ಸಾಲಾಗಿ ನಿಲ್ಲಿಸಿ, ಹುಡ್ ಎತ್ತಿ ಇಂಜಿನ್ ತೋರಿಸಿ, ಹಿಂದೆ ಮಡಚೋ ಕುರ್ಚಿ ಹಾಕ್ಕೊಂಡು ಕಾಫಿ ಕುಡೀತಾ ಕೂರೋದು. ನಾನು ಒಬ್ಬಳೇ ಹೋಗೋಕೆ ಹೆದರಿ ಇವರನ್ನೂ ಎಳ್ಕೊಂಡು ಹೋದೆ.

ಬಂದೋರೆಲ್ಲ ನನ್ನನ್ನ ದಾಟಿ ಇವರ ಹತ್ತಿರ ಹೋಗಿ ಇಂಜಿನ್ ಬಗ್ಗೆ ಕೇಳೋರು. ಇವರು ನನ್ನ ಕಡೆ ಕೈ ತೋರಿಸೋರು. ಒಬ್ಬನಂತೂ, "ಓಹೋ, ನಿಮ್ಮ ಗಂಡ ನಿಮಗೂ ಓಡಿಸೋಕೆ ಬಿಡ್ತಾರಾ?" ಅಂದ. "ನಾನು ಅವರಿಗೆ ಇನ್ನೂ ಬಿಟ್ಟಿಲ್ಲ" ಅಂದೆ.

ಅಲ್ಲಿ ಒಂದು ಕಟ್ಟಳೆ ಇದೆ, ಬರೆದಿಟ್ಟಿಲ್ಲ, ಆದರೆ ಚಿಕ್ಕ ಮಕ್ಕಳಿಗೂ ಗೊತ್ತು. ಇನ್ನೊಬ್ಬರ ಕಾರು ಮುಟ್ಟಬಾರದು. ಕೈ ಹಿಂದೆ ಕಟ್ಟಿಕೊಂಡು ದೇವರನ್ನ ನೋಡೋ ಹಾಗೆ ನೋಡಬೇಕು. ನಮ್ಮನೆಯವರು ಬೆಳೆದದ್ದು ಮೈಸೂರಿನ ಅಗ್ರಹಾರದ ಬೀದೀಲಿ. ಅಲ್ಲಿ ನಿಂತಿರೋ ಸ್ಕೂಟರು ಯಾರದು ಅಂತ ಕೇಳಿ ಅದರ ಮೇಲೆ ಕೂರೋ ಪದ್ಧತಿ ಇಲ್ಲ. ಖಾಲಿ ಇದ್ದರೆ ಕೂರೋದು, ಯಜಮಾನ ಬಂದರೆ ಏಳೋದು.

ಪಕ್ಕದಲ್ಲಿ ಒಂದು ಕಡುಹಸಿರು ಕಾರಿತ್ತು. ಐವತ್ತು ವರ್ಷದ ಹಳೇದು, ಬಣ್ಣದಲ್ಲಿ ಮುಖ ನೋಡ್ಕೊಂಡು ತಲೆ ಬಾಚಬಹುದು. ನಾನು ಯಾರಿಗೋ ಇಂಜಿನ್ ತೋರಿಸಿ ತಿರುಗಿದರೆ, ಇವರು ಆ ಕಾರಿನ ಮೂತಿ ಮೇಲೆ ಆರಾಮಾಗಿ ಕೂತು ಫ್ಲಾಸ್ಕಿಂದ ಕಾಫಿ ಬಗ್ಗಿಸ್ಕೊಳ್ತಾ ಇದ್ದಾರೆ! ಎದುರಿಗೆ ಅದರ ಯಜಮಾನ, ಆರೂವರೆ ಅಡಿ, ಎದೆ ಮಟ್ಟ ಗಡ್ಡ. ಬಾಯಿ ತೆಗೆದಿದೆ. ಅರ್ಧ ಕಚ್ಚಿದ ಡೋನಟ್ ಕೈಲೇ ಇದೆ. ಸಾಲಿಗೆ ಸಾಲೇ ಕುರ್ಚಿ ಬಿಟ್ಟು ಎದ್ದು ನೋಡ್ತಿದೆ.

ಇವರಿಗೆ ಪಾಪ ಅನ್ನಿಸಿತಂತೆ, ಇಷ್ಟು ದೊಡ್ಡ ಆಳು ಕೂರೋಕೆ ಜಾಗ ಇಲ್ಲದೆ ನಿಂತಿದಾನಲ್ಲ ಅಂತ. ಸ್ವಲ್ಪ ಪಕ್ಕಕ್ಕೆ ಸರಿದು, ಹುಡ್ ಮೇಲೆ ಕೈಯಿಂದ ಪಟಪಟ ತಟ್ಟಿ ಕರೆದರು: "ಬನ್ನಿ, ಬನ್ನಿ, ಜಾಗ ಇದೆ!"

೪. ನಲವತ್ತು ವರ್ಷ

ಹಳೇ ಕಾರಿನವರಿಗೆ ನಮ್ಮಂಥ ಕಾರು ಅಂದರೆ ಸ್ವಲ್ಪ ಅಸಡ್ಡೆ. ಹಳೇದರ ವೇಷ ಹಾಕಿರೋ ಹೊಸದು ಅಂತ. ಎಂಬತ್ತರ ಹತ್ತಿರದ ಒಬ್ಬ ಅಜ್ಜ ಕೋಲೂರಿಕೊಂಡು ಬಂದು, ನನ್ನ ಕಾರನ್ನ ಮೇಲಿಂದ ಕೆಳಗಿನವರೆಗೂ ನೋಡಿ, "ಚೆನ್ನಾಗಿದೆ ಕಣಮ್ಮ. ನಲವತ್ತು ವರ್ಷ ಬಿಟ್ಟು ತಗೊಂಡು ಬಾ, ಆಗ ನೋಡ್ತೀನಿ" ಅಂದ.

ನನಗೆ ಉರಿದುಹೋಯ್ತು. "ನಾನೇನೋ ತರ್ತೀನಿ ಅಂಕಲ್. ನೀವು ಇರ್ತೀರಾ?" ಅಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಪಕ್ಕದಲ್ಲಿ, "ಥೂ, ಶುಭ ಶನಿವಾರ ಏನೇ ಮಾತು ಅದು, ಬಿಡ್ತು ಅನ್ನು, ಬಿಡ್ತು ಅನ್ನು" ಅಂತ ಒದ್ದಾಡ್ತಿದ್ದಾರೆ. ಅಜ್ಜ ಮಾತ್ರ ಕೋಲು ಬಿಟ್ಟು ನಗೋಕೆ ಶುರುಮಾಡಿದ, ಕೆಮ್ಮು ಬರೋವರೆಗೂ ನಕ್ಕ. ಮುಂದಿನ ಶನಿವಾರ ನನ್ನ ಕಾರಿನ ಹಿಂದೆಯೇ ಕುರ್ಚಿ ಹಾಕ್ಕೊಂಡು ಕೂತಿದ್ದ. ಬಂದೋರಿಗೆಲ್ಲ ನನ್ನನ್ನ ತೋರಿಸಿ ಹೇಳ್ತಿದ್ದ: "ಈಯಮ್ಮನ ಹತ್ತಿರ ಹುಷಾರಾಗಿ ಮಾತಾಡಿ. ನನ್ನ ಆಯಸ್ಸು ಕೇಳಿದಾಳೆ."

೫. ಮುಟ್ಟಿದರೆ ಹರಿದೀತು

ಜೂನಲ್ಲಿ ಒಂದು ಶೋಗೆ ಹೋದೆ, ಪ್ರೈಜ್ ಇಲ್ಲ. ಜುಲೈಯಲ್ಲಿ ಇನ್ನೊಂದು, ಅಲ್ಲೂ ಇಲ್ಲ. ಇವರು ಮನೆಗೆ ವ್ಯಾನಿನ ಬಣ್ಣಬಣ್ಣದ ಪುಸ್ತಕ ತರೋಕೆ ಶುರುಮಾಡಿದರು. ಊಟ ಮಾಡ್ತಾ ಓದೋರು, ನಾನು ಬಡಿಸಿದ ಹುಳಿ ಆರಿಹೋಗೋದು.

ಕಾರಿನ ಸೀಟಿಗೆ ಕಾರ್ಖಾನೇಲೇ ಹಾಕಿದ್ದ ಪ್ಲಾಸ್ಟಿಕ್ ಇತ್ತಲ್ಲ, ಅದನ್ನ ಇವರು ತೆಗೆಯೋಕೇ ಬಿಟ್ಟಿರಲಿಲ್ಲ. ಶೋರೂಮಲ್ಲೇ ಕೀಳೋಕೆ ಬಂದೋನ ಕೈ ಹಿಡ್ಕೊಂಡಿದ್ದರು. "ಅಕ್ಟೋಬರಲ್ಲಿ ವಾಪಸ್ ಕೊಡುವಾಗ ಹೊಸದರ ಹಾಗೇ ಇರಬೇಕು" ಅಂತ. ನಮ್ಮ ಕಡೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆ ಟಿವಿ ರಿಮೋಟಿಗೆ ಇವತ್ತಿಗೂ ಪ್ಲಾಸ್ಟಿಕ್ ಇದೆ.

ಕ್ಯಾರೊಲೈನಾದ ಜುಲೈ ಬಿಸಿಲು ಅಂದರೆ ಕಾರಿನ ಹುಡ್ ಮೇಲೆ ಹಪ್ಪಳ ಸುಡಬಹುದು. ಶನಿವಾರದ ಗುಂಪಲ್ಲಿ ಒಬ್ಬ ನಿವೃತ್ತ ಫೈರ್ ಇಂಜಿನ್ ಡ್ರೈವರ್ ಇದ್ದ, ಒಳ್ಳೇ ಗಟ್ಟಿಮುಟ್ಟಾದ ಆಳು, ಚಡ್ಡಿ ಹಾಕ್ಕೊಂಡು ಬರೋನು. "ಒಂದು ನಿಮಿಷ ಒಳಗೆ ಕೂತು ನೋಡ್ಲಾ?" ಅಂತ ಕೇಳಿದ. ಕೂರಿ ಅಂದೆ. ಸ್ಟೀರಿಂಗ್ ಹಿಡಿದ, ಕಣ್ಣು ಮುಚ್ಚಿದ, ತನ್ನ ಹದಿನೆಂಟನೇ ವರ್ಷದ ಕಾರಿನ ಕಥೆ ಶುರುಮಾಡಿದ. ಇಪ್ಪತ್ತು ನಿಮಿಷ ಆಯ್ತು.

ಕಥೆ ಮುಗಿಸಿ ಏಳೋಕೆ ಹೋದ. ಮೇಲಿನ ಅರ್ಧ ಎದ್ದಿತು. ಕೆಳಗಿನ ಅರ್ಧ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರಲ್ಲ ಅಂತು. ಆ ಮುಖ ನಾನು ಯಾವತ್ತೂ ಮರೆಯಲ್ಲ. ಉರಿಯೋ ಮನೆಗೆ ನುಗ್ಗಿದ್ದ ಮನುಷ್ಯ, ಕಣ್ಣಲ್ಲಿ ನೀರು! ಇಬ್ಬರು ಎರಡು ಕೈ ಹಿಡಿದು ಎಳೆದರು, ಪರಪರ ಸದ್ದು ಬಂತು, ಅವನು "ಓ ಮೈ ಗಾಡ್" ಅಂದ.

ಇವರು ದೂರದಿಂದ ಗಾಬರಿಯಾಗಿ ಓಡಿ ಬಂದರು. "ನಿಧಾನ, ನಿಧಾನ! ಹರಿದೀತು!" ಅಂದರು.

ಅವನು ಇವರ ಕೈ ಹಿಡ್ಕೊಂಡು, "ಥ್ಯಾಂಕ್ ಯೂ, ಅಂಥದ್ದೇನೂ ಆಗಿಲ್ಲ, ಚರ್ಮ ಸ್ವಲ್ಪ ಕೆಂಪಾಗಿದೆ ಅಷ್ಟೆ" ಅಂದ.

ಇವರು ಅವನನ್ನ ದಾಟಿ ಬಗ್ಗಿ ಸೀಟು ನೋಡ್ತಾ ಇದ್ದರು.

೬. ಅತ್ತೆ ಬಂದರು

ಸೆಪ್ಟೆಂಬರಲ್ಲಿ ಅತ್ತೆ ಬಂದರು. ಏರ್‌ಪೋರ್ಟಿಗೆ ಇವರ ಸಣ್ಣ ಕಾರಲ್ಲಿ ಹೋಗೋದು ಅಂತಿತ್ತು. ಅದರ ಬ್ಯಾಟರಿ ಅವತ್ತೇ ಕೈಕೊಟ್ಟಿತು. ಬೇರೆ ದಾರಿ ಇಲ್ಲ, ಕಿತ್ತಳೆ ಕಾರಲ್ಲೇ ಹೊರಟೆವು. ಇವರಿಗೆ ಒಳಗೊಳಗೇ ಖುಷಿ. "ಅಮ್ಮ ಒಂದ್ಸಲ ಇದರಲ್ಲಿ ಕೂತರೆ ಸಾಕು, ವ್ಯಾನಿನ ವಿಷಯ ನಾನು ಬಾಯೇ ಬಿಡಬೇಕಾಗಿಲ್ಲ" ಅಂದರು.

ಅತ್ತೆ ವೀಲ್‌ಚೇರಲ್ಲಿ ಹೊರಗೆ ಬಂದರು. ಎಪ್ಪತ್ತಾರು ವರ್ಷ, ಹತ್ತಿ ಸೀರೆ, ಕಾಲಿಗೆ ಮೊಮ್ಮಗಳು ಕಳಿಸಿದ ಶೂ. ಕಾರು ನೋಡಿ ಎದ್ದು ನಿಂತರು. "ಇದೇನೇ ಇದು, ಹುಲಿವೇಷ ಹಾಕಿದ್ದೀಯ!" ಅಂದರು.

ಬಾಗಿಲು ತೆಗೆದೆ. ಬಾಗಿಲು ಉದ್ದ, ಸೀಟು ತಗ್ಗು. ಅತ್ತೆ ತಿರುಗಿ ನಿಂತು, ಮಣೆ ಮೇಲೆ ಕೂರೋ ಹಾಗೆ ಒಂದೇ ಸಲಕ್ಕೆ ಕೂತು, ಎರಡೂ ಕಾಲು ಎತ್ತಿ ಒಳಗಿಟ್ಟುಕೊಂಡರು. "ವಿಮಾನಕ್ಕಿಂತ ವಾಸಿ. ಕಾಲು ಚಾಚಬಹುದು" ಅಂದರು. ಹಿಂದಿನ ಸೀಟಲ್ಲಿ ನಮ್ಮನೆಯವರು, ಮಗಳು, ಡಿಕ್ಕೀಲಿ ಹಿಡಿಸದ ಒಂದು ಸೂಟ್‌ಕೇಸು, ಉಪ್ಪಿನಕಾಯಿ ಡಬ್ಬಿ. ಇವರ ಮಂಡಿ ಕಿವಿ ಹತ್ತಿರ ಬಂದಿತ್ತು.

ಹೆದ್ದಾರಿ ಹತ್ತಿದೆ. ಇಂಜಿನ್ ಗುರ್ರ್ ಅಂತು. ಅತ್ತೆ ಸೆರಗು ಬಿಗಿಮಾಡಿಕೊಂಡು, "ಇನ್ನೊಂಚೂರು ಒತ್ತೇ" ಅಂದರು.

ಹಿಂದಿನಿಂದ ಇವರ ದನಿ ಬಂತು, "ಅಮ್ಮ, ಅಲ್ಲಿ ನಿನಗೆ ಕಷ್ಟ ಆಗ್ತಿದೆ ಅಲ್ವಾ? ನಿನಗೋಸ್ಕರ ಒಂದು ವ್ಯಾನ್ ತಗೊಳೋಣ ಅಂತಿದೀನಿ. ಏಳು ಸೀಟಿಂದು."

"ನನ್ನೊಬ್ಬಳಿಗೆ ಏಳು ಸೀಟಾ? ನಾನೇನು ಮದುವೆ ದಿಬ್ಬಣವೇನೋ?"

"ಹಾಗಲ್ಲಮ್ಮ, ನಿನ್ನ ಕಷ್ಟಕ್ಕೆ..."

ಅತ್ತೆ ಹಿಂದಕ್ಕೆ ತಿರುಗಿ ಮಗನನ್ನ ನೋಡಿದರು. "ನನಗೇನೂ ಕಷ್ಟ ಇಲ್ಲ. ನೀನು ಯಾಕೋ ಹಾಗೆ ಮುದುರಿಕೊಂಡಿದೀಯ? ನೆಟ್ಟಗೆ ಕೂತ್ಕೊ. ಚಿಕ್ಕೋನಾಗಿಂದ ಹೇಳ್ತಾನೇ ಇದೀನಿ."

೭. ಷಾರ್ಲೆಟ್ಟಿನ ಶನಿವಾರ

ಅತ್ತೆ ಒಪ್ಪಿದರೂ ಇವರು ಒಪ್ಪಲಿಲ್ಲ. ಮಾತು ಅಂದರೆ ಮಾತು, ಪ್ರೈಜ್ ಎಲ್ಲಿ ಅಂದರು. ನ್ಯಾಯವೇ. ಮಾತು ಕೊಟ್ಟೋಳು ನಾನು. ಕ್ಯಾಲೆಂಡರಿನ ನೀಲಿ ಸೋಮವಾರಕ್ಕೆ ಮುಂಚಿನ ಶನಿವಾರ ಷಾರ್ಲೆಟ್ ಹತ್ತಿರ ಒಂದು ದೊಡ್ಡ ಶೋ ಇತ್ತು. ಅದೇ ಕೊನೇದು. ಸೋಮವಾರ ಹತ್ತು ಗಂಟೆಗೆ ವ್ಯಾನಿನವನು ಬರೋಕೆ ಹೇಳಿದ್ದ.

ಶುಕ್ರವಾರ ಸಂಜೆ ಕಾರು ತೊಳೆದೆ. ಸೀಟಿನ ಪ್ಲಾಸ್ಟಿಕ್ಕನ್ನ ಇವರನ್ನ ಕೇಳದೇ ಕಿತ್ತುಹಾಕಿದೆ. ಹುಡ್ ಒರೆಸ್ತಾ ಒರೆಸ್ತಾ ಅಳು ಬಂತು. ಕಬ್ಬಿಣದ ಡಬ್ಬಕ್ಕೆ ಅಳ್ತಾರೇನೇ ಅಂತ ನನ್ನನ್ನ ನಾನೇ ಬೈಕೊಂಡೆ. ಆದರೆ ಆ ಆರು ತಿಂಗಳು ನಾನು ಎಷ್ಟು ಜನರ ಹತ್ತಿರ ಮಾತಾಡಿದ್ದೆ! ಹದಿನಾಲ್ಕು ವರ್ಷದಲ್ಲಿ ಈ ಊರಲ್ಲಿ ಅಷ್ಟು ಮಾತಾಡಿರಲಿಲ್ಲ. ಅದು ಹೋದರೆ ಶನಿವಾರಗಳೂ ಹೋಗ್ತವೆ ಅನ್ನೋದೇ ನನ್ನ ಸಂಕಟ.

ಬೆಳಗ್ಗೆ ಆರಕ್ಕೆ ಹೊರಟೆವು. ಅತ್ತೆ ಮುಂದೆ, ಇವರೂ ಮಗಳೂ ಹಿಂದೆ. ಎರಡೂವರೆ ಗಂಟೆ ದಾರಿ. ಕಾಲೇಜಿನ ದೊಡ್ಡ ಮೈದಾನದಲ್ಲಿ ಇನ್ನೂರಕ್ಕೂ ಮೇಲೆ ಕಾರು. ನಮ್ಮ ಪಕ್ಕದ ಜಾಗದಲ್ಲಿ ಒಂದು ತಿಳಿನೀಲಿ ಹಳೇ ಕಾರು, ಅದರ ಯಜಮಾನಿ ಒಬ್ಬ ಅಜ್ಜಿ. ಎಂಬತ್ತು ದಾಟಿದೆ, ತಾನೇ ಓಡಿಸಿಕೊಂಡು ಒಬ್ಬಳೇ ಬಂದಿದ್ದಳು. ಅತ್ತೆ ಕಾರಿಳಿದು ನಿಂತಿದ್ದು ನೋಡಿ ತನ್ನ ಕುರ್ಚೀನೇ ತಂದು ಹಾಕಿದಳು. ಬಿಸಿಲು ಬಂದಾಗ ಛತ್ರಿ ಬಿಚ್ಚಿದಳು. ಆಮೇಲೆ ಇಬ್ಬರೂ ಮಾತಿಗೆ ಕೂತರು. ಅವಳು ಇಂಗ್ಲಿಷಲ್ಲಿ, ಅತ್ತೆ ಕನ್ನಡದಲ್ಲಿ. ಅತ್ತೆ ಕೋಡುಬಳೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ನನಗೆ, "ಪಾಪ, ಅವಳಿಗೂ ಮಂಡಿ ನೋವಂತೆ ಕಣೇ" ಅಂದರು. ಹೇಗೆ ಗೊತ್ತಾಯ್ತೋ ದೇವರಿಗೇ ಗೊತ್ತು.

ಈ ಕಡೆ ನಮ್ಮನೆಯವರು ಯಾರೋ ಅಪರಿಚಿತನಿಗೆ ನನ್ನ ಇಂಜಿನ್ ವಿವರಿಸ್ತಾ ಇದ್ದರು. ಎಷ್ಟು ಸಿಲಿಂಡರು, ಎಷ್ಟು ಹಾರ್ಸ್‌ಪವರು, ಎಲ್ಲ ಬಾಯಿಪಾಠ. ನಾನು ಬೆರಗಾಗಿ, "ಇದೆಲ್ಲ ಯಾವಾಗ ಕಲಿತಿರಿ?" ಅಂದೆ.

"ಸೋಮವಾರ ಬೇಕಾಗುತ್ತಲ್ಲ. ವಾಪಸ್ ಕೊಡುವಾಗ ನಾಲ್ಕು ಮಾತು ಹೇಳಬೇಕು" ಅಂದರು. ನನಗೆ ಮೈಯೆಲ್ಲ ಉರಿದುಹೋಯ್ತು.

ತೀರ್ಪುಗಾರರು ಬಂದು, ಬಗ್ಗಿ ನೋಡಿ, ಬರೆದುಕೊಂಡು ಹೋದರು. ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟರು. ಜನ ಮೆಚ್ಚಿದ ಕಾರಿಗೆ ಬೇರೆ ಪ್ರೈಜ್ ಅಂತೆ. ನಿಮಗೆ ಇಷ್ಟವಾದ ಕಾರಿನ ನಂಬರ್ ಬರೆದು ಡಬ್ಬಕ್ಕೆ ಹಾಕಿ ಅಂದರು. ನಮಗೂ ನಾಲ್ಕು ಚೀಟಿ ಬಂತು. ನಾಲ್ವರೂ ಒಂದೊಂದು ಕಡೆ ತಿರುಗಿ ಬರೆದು ಹಾಕಿ ಬಂದೆವು.

ನಾಲ್ಕು ಗಂಟೆಗೆ ಮೈಕಲ್ಲಿ ಹೆಸರು ಕರೆದರು. ಒಳ್ಳೇ ಬಣ್ಣ, ನಾವಲ್ಲ. ಒಳ್ಳೇ ಇಂಜಿನ್, ನಾವಲ್ಲ. ಒಳಗಿನ ಅಂದ, ನಾವಲ್ಲ. ನಾನು ಅತ್ತೆಯ ಕೈ ಹಿಡ್ಕೊಂಡೆ. ಕೊನೇಗೆ ಜನ ಮೆಚ್ಚಿದ ಕಾರು. "ಇಷ್ಟು ಹತ್ತಿರದ ಪೈಪೋಟಿ ನಾವು ನೋಡೇ ಇರಲಿಲ್ಲ" ಅಂದ ಮೈಕಿನೋನು. "ಎರಡನೇ ಸ್ಥಾನ, ರಾಲಿಯಿಂದ ಬಂದ ಕಿತ್ತಳೆ ಕಾರು! ಬರೀ ಎರಡು ಓಟಿನಿಂದ ಗೆದ್ದಿರೋದು, ಅದರ ಪಕ್ಕದಲ್ಲೇ ನಿಂತಿರೋ ತಿಳಿನೀಲಿ ಕಾರು!" ಎರಡನೆಯವರಿಗೆ ಪ್ರೈಜ್ ಇಲ್ಲ, ಬರೀ ಚಪ್ಪಾಳೆ.

ಅಜ್ಜಿ ಎರಡೂ ಕೈಲಿ ಕಪ್ ತಗೊಂಡಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಎಲ್ಲರಿಗಿಂತ ಜೋರಾಗಿ ಅತ್ತೆ.

ತಟ್ಟಿ ಮುಗಿದ ಮೇಲೆ ನನಗೆ ಲೆಕ್ಕ ಹೊಳೆಯಿತು. ಎರಡೇ ಎರಡು ಓಟು. ಮಗಳ ಕಡೆ ತಿರುಗಿದೆ. "ಏಯ್, ನೀನು ಯಾವುದಕ್ಕೆ ಹಾಕಿದೆ?"

ಅವಳು ನೆಲ ನೋಡಿದಳು. "ಆ ಗ್ರ್ಯಾಂಡ್‌ಮಾಗೆ. ಅಮ್ಮಾ, ಇಟ್ಸ್ ಸೋ ವಿಯರ್ಡ್, ನಮ್ ಕಾರಿಗೆ ನಾವೇ ಓಟ್ ಮಾಡೋದು!"

"ಅತ್ತೆ, ನೀವು?"

"ನಾನೂ ಅವಳಿಗೇ. ಅಲ್ಲ ಕಣೇ, ಬೆಳಗ್ಗಿನಿಂದ ಅವಳ ಕುರ್ಚಿ ಮೇಲೆ ಕೂತು, ಅವಳ ಛತ್ರಿ ಕೆಳಗೆ ಇದ್ದು, ಓಟು ಮಾತ್ರ ನಮಗೇ ಹಾಕ್ಕೊಳೋದಾ? ಮನುಷ್ಯರು ಮಾಡೋ ಕೆಲಸವಾ ಅದು?" ಅಂದರು. ಆಮೇಲೆ ನನ್ನ ಮುಖ ನೋಡಿ, "ನೀನು ಯಾವುದಕ್ಕೆ ಹಾಕಿದೆ?"

ಏನು ಹೇಳಲಿ? ಚೀಟಿ ಹಿಡಿದು ನಮ್ಮ ನಂಬರ್ ಬರೆಯೋಕೆ ಹೋಗಿದ್ದೆ. ಕೈ ಬರಲಿಲ್ಲ. ನಮ್ಮದನ್ನ ನಾವೇ ಹೊಗಳ್ಕೋಬಾರದು ಅಂತ ಚಿಕ್ಕಂದಿನಿಂದ ಕಲಿಸಿದ್ದಾರಲ್ಲ. ಹಾಳು ದಾಕ್ಷಿಣ್ಯ. ನಾನೂ ಅಜ್ಜಿಗೇ ಹಾಕಿ ಬಂದಿದ್ದೆ.

ಮೂರು ಓಟು. ಇಬ್ಬರು ಮನೆಗೆ ಹಾಕಿದ್ದರೆ ಕಪ್ ನಮ್ಮದು.

"ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಸುಮ್ನೆ ಹೇಳ್ತಾರಾ" ಅಂದರು ಅತ್ತೆ. ತಾವೂ ಅದರಲ್ಲಿ ಪಾಲುದಾರರು ಅನ್ನೋದು ಮರೆತೇ ಹೋಗಿತ್ತು ಅವರಿಗೆ.

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಣ್ಣೊರೆಸಿಕೊಂಡು ಇವರ ಕಡೆ ತಿರುಗಿದೆ. "ಆಯ್ತು ರೀ. ನಿಮ್ಮ ಮಾತೇ ಗೆದ್ದಿತು. ನೀವೂ ಆ ನೀಲಿ ಕಾರಿಗೇ ಹಾಕಿರ್ತೀರಿ, ನಿಮಗಂತೂ ಕಾರಣವೂ ಇತ್ತು. ಸೋಮವಾರ ಹೋಗಿ ವ್ಯಾನ್ ತರೋಣ ನಡೀರಿ."

ಇವರ ಕಿವಿ ಕೆಂಪಾಗಿತ್ತು. ಜೇಬಿಂದ ಫೋನ್ ತೆಗೆದು, ಎರಡು ಹೆಜ್ಜೆ ಆಚೆ ಹೋಗಿ, ನಂಬರ್ ಒತ್ತಿದರು. "ಸೋಮವಾರ ಹತ್ತು ಗಂಟೆಗೆ ಬರ್ತೀನಿ ಅಂದಿದ್ದೆ. ಇಲ್ಲ, ಬರಲ್ಲ. ಇಲ್ಲ, ಆಮೇಲೂ ಬರಲ್ಲ. ಥ್ಯಾಂಕ್ ಯೂ." ಫೋನ್ ಇಟ್ಟು ವಾಪಸ್ ಬಂದು ನಿಂತರು.

ಮೂರೂ ಜನ ಇವರನ್ನೇ ನೋಡ್ತಾ ಇದ್ದೆವು. ಮೊದಲು ಬಾಯಿ ಬಿಟ್ಟೋರು ಅತ್ತೆ. "ನೀನು ಯಾವುದಕ್ಕೋ ಹಾಕಿದೆ ಓಟು?"

"ನಮ್ಮದಕ್ಕೆ."

"ವ್ಯಾನು ವ್ಯಾನು ಅಂತ ಆರು ತಿಂಗಳಿಂದ ಪ್ರಾಣ ತಿಂದೋನು ನೀನೇ ಅಲ್ವೇನೋ? ನಮ್ಮದು ಗೆದ್ದಿದ್ರೆ ವ್ಯಾನ್ ಹೋಗ್ತಿತ್ತಲ್ಲ!"

ಇವರು ಕನ್ನಡಕ ತೆಗೆದು ಅಂಗಿ ತುದೀಲಿ ಒರೆಸಿಕೊಂಡು, ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು.

"ಹೋಗ್ಲಿ ಬಿಡಮ್ಮ. ಮನೇಲಿ ಒಬ್ಬರಾದ್ರೂ ಆ ಕಾರಿನ ಪರ ಇರಬೇಕಲ್ಲ?"